ಹಳೇ ಎಕ್ಸ್‌ಪಿ ಕಂಪ್ಯೂಟರಿಗೆ ಹೊಸ ಎಸ್‌ಎಸ್‌ಡಿ: ಕಿಂಗ್‌ಸ್ಟನ್ ಎ400 ಮತ್ತು ಹುಬ್ಬಳ್ಳಿಯ ಒಂದು ಅಂಗಡಿ

ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರಿಗೆ ಕಿಂಗ್‌ಸ್ಟನ್ ಎ400, 240 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಬರೆದಿಡುವ ಡಿಸ್ಕ್) ಚೆನ್ನಾಗಿ ಒಗ್ಗುತ್ತದೆ. ನಮ್ಮಲ್ಲಿ ದಿನಾ ಬೆಳಗ್ಗೆಯಿಂದ ರಾತ್ರಿವರೆಗೆ ದುಡಿಯುತ್ತಿದೆ. ಆದರೆ ಹಾಕುವ ಕ್ರಮ ಗೊತ್ತಿರಬೇಕು. ಎಕ್ಸ್‌ಪಿ ಬಂದ ಕಾಲದಲ್ಲಿ ಇಂಥ ಡಿಸ್ಕ್ ಯಾರ ಮನೆಯಲ್ಲೂ ಇರಲಿಲ್ಲ, ಹಾಗಾಗಿ ಅದಕ್ಕೆ ಬೇಕಾದ ತಯಾರಿಯನ್ನು ನಾವೇ ಮಾಡಿಕೊಡಬೇಕು. ಆ ತಯಾರಿ ಏನು, ಡಿಸ್ಕ್ ಹೇಗಿದೆ, ಕೊಟ್ಟ ಅಂಗಡಿಯವರು ಹೇಗೆ ನಡೆದುಕೊಂಡರು, ಎಲ್ಲಾ ಇಲ್ಲಿ ಬರೆಯುತ್ತೇನೆ.

ಇನ್ನೂ ಎಕ್ಸ್‌ಪಿ ಯಾಕೆ ಅಂತ ಕೇಳುವವರಿಗೆ ಉತ್ತರ ಇದೆ. ಗದಗದಲ್ಲಿ ನಮ್ಮದೊಂದು ಸಣ್ಣ ಪ್ರೆಸ್. ಈ ಊರು ಪ್ರೆಸ್‌ಗಳಿಗೆ ಹೆಸರಾದದ್ದು, ಓಣಿಗೊಂದು ಸಿಗುತ್ತದೆ. ನಮ್ಮ ಯಜಮಾನರು ಆಫ್‌ಸೆಟ್ ಮಷಿನ್ ನೋಡಿಕೊಳ್ಳುತ್ತಾರೆ, ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಪೂರ್ತಿ ನಂದು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ರಸೀದಿ ಪುಸ್ತಕ, ಮಠದ ಸ್ಮರಣ ಸಂಚಿಕೆ. ಇವೆಲ್ಲಾ ಪೇಜ್‌ಮೇಕರ್ 7ರಲ್ಲಿ, ನುಡಿ ಮತ್ತು ಶ್ರೀಲಿಪಿ ಅಕ್ಷರಗಳಲ್ಲಿ ಕೂತಿವೆ. ಅವು ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಪದ್ಧತಿಯ ಫಾಂಟ್‌ಗಳು. ಬೇರೆ ಕಂಪ್ಯೂಟರಿಗೆ ಒಯ್ದು ತೆರೆದರೆ ಒತ್ತಕ್ಷರ ಎಲ್ಲೋ, ದೀರ್ಘ ಎಲ್ಲೋ. ಶ್ರೀಲಿಪಿಯ ಡಾಂಗಲ್ (ಅದು ಇಲ್ಲದೆ ಸಾಫ್ಟ್‌ವೇರ್ ಓಡದಂಥ ಕೀಲಿ) ಹಳೇ ಪ್ರಿಂಟರ್ ಪೋರ್ಟಿಗೆ ಚುಚ್ಚುವಂಥದ್ದು, ಹೊಸ ಮದರ್‌ಬೋರ್ಡುಗಳಲ್ಲಿ ಆ ಪೋರ್ಟೇ ಇಲ್ಲ. ಟ್ರೇಸಿಂಗ್ ತೆಗೆಯುವ ಎ3 ಲೇಸರ್ ಪ್ರಿಂಟರಿಗೆ ನಮ್ಮ ಹತ್ತಿರ ಇರುವ ಡ್ರೈವರ್ ಎಕ್ಸ್‌ಪಿಯದ್ದೇ. ಒಂದು ಮನೆಯ ಅಜ್ಜನ ಷಷ್ಟ್ಯಬ್ದಿ ಕಾರ್ಡ್ ಮಾಡಿದ ಫೈಲ್ ತೆರೆದು ಮೊಮ್ಮಗಳ ಮದುವೆ ಕಾರ್ಡಿಗೆ ಮನೆತನದ ಹೆಸರುಗಳನ್ನು ಎತ್ತಿಕೊಳ್ಳುತ್ತೇವೆ. ಈ ಕಂಪ್ಯೂಟರ್ ನಮ್ಮ ಅಂಗಡಿಯ ಬಂಡವಾಳ, ಹೊಸದು ತಂದರೆ ಮುಗಿಯುವ ಮಾತಲ್ಲ ಇದು.

ಪೆಟ್ಟಿಗೆಯೊಳಗೆ ಇಂಟೆಲ್ ಜಿ31 ಬೋರ್ಡ್, ಕೋರ್ 2 ಡ್ಯುಯೊ, 2 ಜಿಬಿ ರ್‍ಯಾಮ್, ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3. ಡಿಸ್ಕ್ 80 ಜಿಬಿಯದ್ದು, ಕಂಪ್ಯೂಟರ್ ತಂದಾಗಿನಿಂದ ಅದೇ. ಈ ವರ್ಷ ಲಗ್ನದ ಸೀಸನ್ನಿಗೆ ಮುಂಚೆ ಅದು ಕಟಕಟ ಅನ್ನಲು ಶುರುಮಾಡಿತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದ ಹಳೇ ಆವೃತ್ತಿ ಎಕ್ಸ್‌ಪಿಯಲ್ಲೂ ಓಡುತ್ತದೆ. ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ ಎಚ್ಚರಿಕೆ, ರೀಅಲೊಕೇಟೆಡ್ ಸೆಕ್ಟರ್ ಸಾಲಿನಲ್ಲಿ ಸಂಖ್ಯೆ ಏರುತ್ತಿತ್ತು. ಅಂದರೆ ಕೆಟ್ಟ ಜಾಗಗಳನ್ನು ಬಿಟ್ಟು ಡಿಸ್ಕ್ ತನ್ನ ಮೀಸಲು ಜಾಗವನ್ನು ಬಳಸಲು ಶುರುಮಾಡಿದೆ. ಆ ಸಂಖ್ಯೆ ಏರುತ್ತಿದ್ದರೆ ಕಾಯಬಾರದು.

ಹತ್ತಿರದ ಒಂದು ಅಂಗಡಿಯಲ್ಲಿ ಕೇಳಿದಾಗ ಎಕ್ಸ್‌ಪಿ ಅಂದ ಕೂಡಲೇ ಮಾತು ಮುಗಿಯಿತು. ಈಗ ಎಲ್ಲಾ ಎನ್‌ವಿಎಂಇ, ನಿಮ್ಮದಕ್ಕೆ ಆಗಲ್ಲ, ಹೊಸ ಸಿಸ್ಟಮ್ ತಗೊಳ್ಳಿ ಅಂದರು. ಎನ್‌ವಿಎಂಇ ಅನ್ನುವ ಈಗಿನ ಹೊಸ ಬಗೆಯ ಎಸ್‌ಎಸ್‌ಡಿ ನಮ್ಮ ಬೋರ್ಡಿಗೆ ಆಗುವುದಿಲ್ಲ ಅನ್ನುವುದು ನಿಜ. ಅದಕ್ಕೆ ಬೇಕಾದ ಎಂ.2 ಸಂದು ಜಿ31ರಲ್ಲಿ ಇಲ್ಲ, ಮೈಕ್ರೋಸಾಫ್ಟ್ ಎಕ್ಸ್‌ಪಿಗೆ ಎನ್‌ವಿಎಂಇ ಡ್ರೈವರ್ ಕೊಟ್ಟೂ ಇಲ್ಲ. ಆದರೆ ಎರಡೂವರೆ ಇಂಚಿನ ಸಾಟಾ (ಹಾರ್ಡ್ ಡಿಸ್ಕ್ ಜೋಡಿಸುವ ಮಾಮೂಲಿ ಕೇಬಲ್ ಪದ್ಧತಿ) ಎಸ್‌ಎಸ್‌ಡಿ ಇನ್ನೂ ಮಾರಾಟದಲ್ಲಿದೆ, ಅದನ್ನು ಬೋರ್ಡ್ ಮಾಮೂಲಿ ಹಾರ್ಡ್ ಡಿಸ್ಕ್ ಅಂತಲೇ ನೋಡುತ್ತದೆ. ಇದನ್ನು ಗಿರಾಕಿಗೆ ಹೇಳಬೇಕಲ್ವಾ? ಕೆಲಸ ನಡೆಸುವ ಯಂತ್ರವನ್ನು ಗುಜರಿ ಅಂದುಬಿಡುವುದು ನನಗೆ ಸರಿ ಕಾಣಲಿಲ್ಲ.

ಕಾಗದ ತರಲು ಹುಬ್ಬಳ್ಳಿಗೆ ಹೋದಾಗ ಕೊಪ್ಪಿಕರ್ ರಸ್ತೆ ಕಡೆ ಒಂದು ಸಣ್ಣ ಅಂಗಡಿಗೆ ಹೋದೆವು. ಕೌಂಟರಿನಲ್ಲಿ ಒಬ್ಬ ಹುಡುಗ. ನಾನು ಎಸ್‌ಎಸ್‌ಡಿ ಅಂದೆ.

"ಅಕ್ಕಾರ, ಮೊದ್ಲ ಬೋರ್ಡ್ ಯಾವ್ದೈತಿ ಅದನ್ನ ಹೇಳ್ರಿ. ಡಿಸ್ಕ್ ಆಮ್ಯಾಲ ನೋಡೂಣು."

"ಜಿ31 ಐತ್ರಿ. ಎಕ್ಸ್‌ಪಿ, ಸರ್ವಿಸ್ ಪ್ಯಾಕ್ ಮೂರು."

"ಹಂಗಾದ್ರ ಚಿಂತಿಲ್ರಿ. ಅದರಾಗ ಎಎಚ್‌ಸಿಐ ಇಲ್ಲ, ಆ ಜಗಳಾನ ಬರಂಗಿಲ್ಲ."

ಈ ಒಂದು ಮಾತಿಗೇ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ವಿಷಯ ತಿಳಿದವರು ಮಾತ್ರ ಹೀಗೆ ಹೇಳಬಲ್ಲರು. ಸಾಟಾ ಡಿಸ್ಕನ್ನು ಬೋರ್ಡ್ ಎರಡು ರೀತಿಯಲ್ಲಿ ನಡೆಸುತ್ತದೆ: ಹಳೇ ಐಡಿಇ ರೀತಿ, ಹೊಸ ಎಎಚ್‌ಸಿಐ ರೀತಿ. ಎಕ್ಸ್‌ಪಿ ಸಿಡಿಯಲ್ಲಿ ಎಎಚ್‌ಸಿಐ ಡ್ರೈವರ್ ಇಲ್ಲ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಬೋರ್ಡ್ ಮೊದಲು ಓಡಿಸುವ ತನ್ನ ಮೂಲ ಸಾಫ್ಟ್‌ವೇರ್) ಎಎಚ್‌ಸಿಐನಲ್ಲಿದ್ದರೆ ಎಕ್ಸ್‌ಪಿಗೆ ಡಿಸ್ಕೇ ಕಾಣುವುದಿಲ್ಲ, ನೀಲಿ ಪರದೆಯಲ್ಲಿ ಕೊನೆಗೆ 7ಬಿ ಅನ್ನುವ ಸಂಖ್ಯೆ ತೋರಿಸಿ ನಿಲ್ಲುತ್ತದೆ. ಜಿ31 ಜೊತೆಗೆ ಬರುವ ಐಸಿಎಚ್7 ಚಿಪ್ಪಿನಲ್ಲಿ ಎಎಚ್‌ಸಿಐ ಸೌಲಭ್ಯವೇ ಇಲ್ಲ, ಬರೀ ಐಡಿಇ. ಆ ಕೊರತೆಯೇ ನಮಗೆ ಅನುಕೂಲ ಆಯಿತು.

ನಾವು ಕೊಂಡಾಗ ಬೆಲೆ ಎರಡು ಸಾವಿರದ ಆಸುಪಾಸು ಇತ್ತು. ಪೆಟ್ಟಿಗೆಯಲ್ಲಿ ಡಿಸ್ಕ್ ಮಾತ್ರ ಇರುತ್ತದೆ. ಹಾರ್ಡ್ ಡಿಸ್ಕ್ ಇದ್ದ ಮೂರೂವರೆ ಇಂಚಿನ ಜಾಗದಲ್ಲಿ ಕೂರಿಸಲು ತಗಡಿನ ಬ್ರಾಕೆಟ್ ಮತ್ತು ಸ್ಕ್ರೂ ಬೇಕು, ಅವನ್ನು ಅಂಗಡಿಯವರು ಸುಮ್ನೆ ಕೊಟ್ಟರು. ಹೊಸ ಸಾಟಾ ಕೇಬಲ್ಲಿಗೆ ದುಡ್ಡು ತಗೊಂಡರು. ಹಳೇ ಕೇಬಲ್ಲಿನ ತುದಿ ಸಡಿಲ ಆಗಿರುತ್ತದೆ, ಹೊಸದು ಹಾಕುವುದೇ ಒಳ್ಳೇದು. ಜಿಎಸ್‌ಟಿ ಬಿಲ್ಲಿನ ಮೇಲೆ ಡಿಸ್ಕಿನ ಸೀರಿಯಲ್ ನಂಬರ್ ಬರೆದು, ನಮ್ಮೆದುರೇ ತಮ್ಮ ಸಿಸ್ಟಮ್‌ಗೆ ಚುಚ್ಚಿ ತೋರಿಸಿದರು. ಮೂರು ವರ್ಷದ ವಾರಂಟಿ ಇದೆ, ಬಿಲ್ ಜೋಪಾನ ಮಾಡಿ ಅಂತಲೂ ಹೇಳಿದರು.

ಡಿಸ್ಕ್ ಕೈಯಲ್ಲಿ ಹಿಡಿದರೆ ಐವತ್ತು ಗ್ರಾಂ ಕೂಡ ಇಲ್ಲ, ದಪ್ಪ 7 ಮಿಲಿಮೀಟರ್. ಕಂಪನಿ ಹೇಳುವ ವೇಗ ಸೆಕೆಂಡಿಗೆ ಓದಲು 500 ಎಂಬಿ, ಬರೆಯಲು 350 ಎಂಬಿ. ಇದು ಸಾಟಾ 3 ಡಿಸ್ಕ್, ನಮ್ಮ ಬೋರ್ಡ್ ಸಾಟಾ 2. ಡಿಸ್ಕ್ ತಾನೇ ವೇಗ ಇಳಿಸಿಕೊಂಡು ಹೊಂದಿಕೊಳ್ಳುತ್ತದೆ, ಹಳೇ ಸಾಟಾಗೂ ನಡೆಯುತ್ತದೆ ಅಂತ ಕಿಂಗ್‌ಸ್ಟನ್‌ನವರೇ ಬರೆದಿದ್ದಾರೆ. ಸಾಟಾ 2ರ ಮಿತಿಯೇ ಸೆಕೆಂಡಿಗೆ 300 ಎಂಬಿ. ನಮಗೆ ಸಿಕ್ಕಿದ್ದು 250ರ ಆಸುಪಾಸು, ಹಳೇ ಡಿಸ್ಕಿನಲ್ಲಿ 60 ಇತ್ತು. ಆದರೆ ಡಿಟಿಪಿ ಕೆಲಸದಲ್ಲಿ ಗೊತ್ತಾಗುವುದು ಈ ದೊಡ್ಡ ಸಂಖ್ಯೆ ಅಲ್ಲ. ನೂರಾರು ಫಾಂಟ್ ಫೈಲುಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕಿ ಓದುವ ಕೆಲಸ ಅದು. ಹಾರ್ಡ್ ಡಿಸ್ಕಿನ ಸೂಜಿ ಅದಕ್ಕೆ ಓಡಾಡಿ ಸುಸ್ತಾಗುತ್ತಿತ್ತು, ಇದರಲ್ಲಿ ಸೂಜಿಯೇ ಇಲ್ಲ.

ಇನ್ನು ಮುಖ್ಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಇಲ್ಲೇ ಬಿಟ್ಟುಬಿಡುತ್ತಾರೆ.

ಎಕ್ಸ್‌ಪಿ ತನ್ನ ಮೊದಲ ಪಾರ್ಟಿಷನ್ನನ್ನು (ಸಿ, ಡಿ ಅಂತ ಡಿಸ್ಕನ್ನು ವಿಂಗಡಿಸಿದ ಭಾಗ) 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. ಒಂದು ಟ್ರ್ಯಾಕಿಗೆ 63 ಸೆಕ್ಟರ್ ಅನ್ನುವ ಹಳೇ ಲೆಕ್ಕದಿಂದ ಬಂದ ಪದ್ಧತಿ ಅದು. ಸೆಕ್ಟರಿಗೆ 512 ಬೈಟ್ ಅಂದರೆ ಆರಂಭ 32,256ನೇ ಬೈಟಿನಲ್ಲಿ. ಆದರೆ ಎಸ್‌ಎಸ್‌ಡಿ ಒಳಗಿನ ಲೆಕ್ಕ 4,096 ಬೈಟ್ ಅಥವಾ ಅದರ ಗುಣಕಗಳಲ್ಲಿ. ಈಗಿನ ಹೊಸ ಹಾರ್ಡ್ ಡಿಸ್ಕುಗಳೂ ಹಾಗೆಯೇ. 32,256ನ್ನು 4,096ರಿಂದ ಭಾಗಿಸಿದರೆ ಸರಿಯಾಗಿ ಹೋಗುವುದಿಲ್ಲ. ಪ್ರೆಸ್ಸಿನವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಶೀಟಿನ ಮೇಲೆ ಮೊದಲ ಕಾರ್ಡ್ ಅರ್ಧ ಇಂಚು ಜರುಗಿ ಕೂತರೆ ಮುಂದಿನ ಎಲ್ಲಾ ಕಾರ್ಡುಗಳೂ ಕಟಿಂಗ್ ಗೆರೆಯ ಮೇಲೇ ಬೀಳುತ್ತವೆ. ಇಲ್ಲೂ ಎಕ್ಸ್‌ಪಿ ಬರೆಯುವ 4 ಕೆಬಿಯ ಪ್ರತಿ ತುಂಡೂ ಡಿಸ್ಕಿನ ಎರಡು ಮನೆಗಳಿಗೆ ಹಂಚಿಹೋಗುತ್ತದೆ. ಒಂದು ಸಲ ಬರೆಯುವ ಕಡೆ ಎರಡೂ ಮನೆ ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ವೇಗವೂ ಹೋಗುತ್ತದೆ, ಡಿಸ್ಕಿನ ಆಯುಷ್ಯವೂ ಸವೆಯುತ್ತದೆ.

ವಿಸ್ಟಾದಿಂದ ಮುಂದೆ ಮೈಕ್ರೋಸಾಫ್ಟ್‌ನವರು ಆರಂಭವನ್ನು 2,048ನೇ ಸೆಕ್ಟರಿಗೆ, ಅಂದರೆ ಸರಿಯಾಗಿ 1 ಎಂಬಿಗೆ ತಂದರು. ನಾವೂ ಎಕ್ಸ್‌ಪಿಯನ್ನು ಅಲ್ಲಿಗೇ ಕೂರಿಸಬೇಕು. ಎಕ್ಸ್‌ಪಿಗೆ ಅಲ್ಲಿಂದ ಓಡಲು ಯಾವ ತಕರಾರೂ ಇಲ್ಲ. ತಾನಾಗಿ ಅಲ್ಲಿ ಪಾರ್ಟಿಷನ್ ಮಾಡಲು ಅದಕ್ಕೆ ಬರುವುದಿಲ್ಲ ಅಷ್ಟೇ.

ಹೊಸದಾಗಿ ಎಕ್ಸ್‌ಪಿ ಹಾಕುವವರಿಗೆ ದಾರಿ ಸುಲಭ. ಜಿಪಾರ್ಟೆಡ್ (ಪಾರ್ಟಿಷನ್ ಮಾಡುವ ಸಾಫ್ಟ್‌ವೇರ್) ಇರುವ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಎಂಎಸ್‌ಡಾಸ್ ಮಾದರಿಯ ಪಾರ್ಟಿಷನ್ ಟೇಬಲ್ ಮಾಡಿ (ಹೊಸ ಮಾದರಿಯ ಜಿಪಿಟಿ ಬೇಡ, 32 ಬಿಟ್ ಎಕ್ಸ್‌ಪಿಗೆ ಅದು ಅರ್ಥವಾಗುವುದಿಲ್ಲ), ಎಂಐಬಿ ಅಲೈನ್‌ಮೆಂಟಿನಲ್ಲಿ (ಮೇಲೆ ಹೇಳಿದ 1 ಎಂಬಿ ಗಡಿಗೆ ಸರಿಯಾಗಿ ಕೂರುವಂತೆ) ಎನ್‌ಟಿಎಫ್‌ಎಸ್ ಪ್ರೈಮರಿ ಪಾರ್ಟಿಷನ್ ಮಾಡಿ, ಬೂಟ್ ಫ್ಲ್ಯಾಗ್ ಹಾಕಿ. ಆಮೇಲೆ ಎಕ್ಸ್‌ಪಿ ಸಿಡಿ ಹಾಕಿದಾಗ ಆ ಪಾರ್ಟಿಷನ್ನನ್ನು ಅಳಿಸದೆ ಅದರಲ್ಲೇ ಹಾಕಿ. ಫಾರ್ಮ್ಯಾಟ್ ಮಾಡಿದರೂ ಪರವಾಗಿಲ್ಲ, ಅಳಿಸಿ ಹೊಸದು ಮಾಡಿದರೆ ಮಾತ್ರ ಮತ್ತೆ 63ಕ್ಕೇ ಹೋಗುತ್ತದೆ. ಸಿಡಿ ತೀರಾ ಹಳೇದಾಗಿದ್ದು ಸರ್ವಿಸ್ ಪ್ಯಾಕ್ 1 ಕೂಡ ಇಲ್ಲದಿದ್ದರೆ ಇನ್ನೊಂದು ತೊಡಕು: ಅದಕ್ಕೆ 137 ಜಿಬಿಗಿಂತ ಆಚೆ ಕಾಣುವುದಿಲ್ಲ. ಸರ್ವಿಸ್ ಪ್ಯಾಕ್ 3 ಸೇರಿಸಿದ ಸಿಡಿಯಿಂದಲೇ ಶುರು ಮಾಡಿ.

ನಮಗೆ ಹೊಸದಾಗಿ ಹಾಕುವುದು ಬೇಡವಾಗಿತ್ತು. ಡಾಂಗಲ್, ಫಾಂಟ್, ಪ್ರಿಂಟರ್, ಪೇಜ್‌ಮೇಕರ್ ಎಲ್ಲಾ ವರ್ಷಗಟ್ಟಲೆ ಹೊಂದಿಸಿಕೊಂಡದ್ದು. ಹಾಗಾಗಿ ಕ್ಲೋನ್, ಅಂದರೆ ಇಡೀ ಡಿಸ್ಕಿನ ನಕಲು. ಮೊದಲು ಡಿ ಡ್ರೈವಿನ ಕೆಲಸದ ಫೈಲುಗಳನ್ನೆಲ್ಲಾ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಇದಾದ ಮೇಲೇ ಸ್ಕ್ರೂಡ್ರೈವರ್ ಎತ್ತಿಕೊಂಡದ್ದು. ಎರಡೂ ಡಿಸ್ಕ್ ಜೋಡಿಸಿ ಕ್ಲೋನ್‌ಜಿಲ್ಲಾದಿಂದ ಬೂಟ್ ಮಾಡಿದೆ. ಇದು ಉಚಿತ. ಡಿಸ್ಕಿನಿಂದ ಡಿಸ್ಕಿಗೆ ಅನ್ನುವ ಆಯ್ಕೆಯಲ್ಲಿ ಮೂಲ ಯಾವುದು, ಗುರಿ ಯಾವುದು ಅಂತ ಕೇಳುತ್ತದೆ. ಪರದೆ ಮೇಲೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಬರುತ್ತದೆ. ಹೆಸರನ್ನು ನೆಚ್ಚಿಕೊಳ್ಳಬೇಡಿ, ಪಕ್ಕದ ಗಾತ್ರ ನೋಡಿ: 80 ಜಿಬಿ ಮೂಲ, 240 ಜಿಬಿ ಗುರಿ. ಉಲ್ಟಾ ಆದರೆ ಖಾಲಿ ಡಿಸ್ಕ್ ಹೋಗಿ ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಹಳೇ ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್ ಸಿಕ್ಕರೆ ಕ್ಲೋನ್‌ಜಿಲ್ಲಾ ಅಲ್ಲೇ ನಿಲ್ಲುತ್ತದೆ, ಅದಕ್ಕೆ ರೆಸ್ಕ್ಯೂ ಅನ್ನುವ ಆಯ್ಕೆಗೆ ಮೊದಲೇ ಗುರುತು ಹಾಕಿದೆ.

ಕ್ಲೋನ್ ಆದ ಮೇಲೆ ಹಳೇ ಡಿಸ್ಕನ್ನು ಬಿಚ್ಚಿಡಬೇಕು. ಮೊದಲ ಸಲ ಎಕ್ಸ್‌ಪಿ ಶುರುವಾಗುವಾಗ ಎರಡೂ ಇದ್ದರೆ ಡ್ರೈವ್ ಅಕ್ಷರಗಳು ಅದಲುಬದಲಾಗಬಹುದು. ಸಿ ಅನ್ನುವುದು ಹಳೇ ಡಿಸ್ಕಿಗೇ ಅಂಟಿಕೊಂಡು ಹೊಸದಕ್ಕೆ ಬೇರೆ ಅಕ್ಷರ ಸಿಕ್ಕರೆ ಆಮೇಲೆ ಬಹಳ ತಾಪತ್ರಯ. ಒಂದನ್ನೇ ಇಟ್ಟು ಆನ್ ಮಾಡಿದೆ. ಎಕ್ಸ್‌ಪಿ ಬಂತು, ಹೊಸ ಹಾರ್ಡ್‌ವೇರ್ ಸಿಕ್ಕಿದೆ, ರೀಸ್ಟಾರ್ಟ್ ಮಾಡಲೇ ಅಂತ ಕೇಳಿತು, ಹೂಂ ಅಂದೆ.

ಕ್ಲೋನ್ ಅಂದರೆ ಇದ್ದದ್ದು ಇದ್ದ ಹಾಗೆ. ಹಾಗಾಗಿ 63ನೇ ಸೆಕ್ಟರ್ ಕೂಡ ಹಾಗೇ ಬಂದಿರುತ್ತದೆ. ನೋಡಬೇಕೆಂದರೆ ಸ್ಟಾರ್ಟ್, ರನ್ ಒತ್ತಿ ಎಂಎಸ್‌ಇನ್ಫೋ32 ಅಂತ ಟೈಪ್ ಮಾಡಿ. ಎಡಗಡೆ ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್. ಬಲಗಡೆ ಕೆಳಗೆ ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್ ಅನ್ನುವ ಸಾಲು ಇರುತ್ತದೆ. ಅಲ್ಲಿ 32,256 ಅಂತ ಕಂಡಿತು. ಮತ್ತೆ ಜಿಪಾರ್ಟೆಡ್‌ನಿಂದ ಬೂಟ್ ಮಾಡಿ, ಹೊಸ ಡಿಸ್ಕಿನ ಡಿ ಪಾರ್ಟಿಷನ್ ಅಳಿಸಿ (ಫೈಲುಗಳು ಹೊರಗೆ ಭದ್ರವಾಗಿದ್ದವು), ಸಿ ಪಾರ್ಟಿಷನ್ನನ್ನು ಡಿಸ್ಕಿನ ಶುರುವಿನಲ್ಲಿ 1 ಎಂಐಬಿ ಜಾಗ ಬಿಟ್ಟು ಸರಿಸಿದೆ, ಜೊತೆಗೇ 60 ಜಿಬಿಗೆ ಹಿಗ್ಗಿಸಿದೆ. ಅಲೈನ್ ಟು ಅನ್ನುವಲ್ಲಿ ಎಂಐಬಿ ಇರಬೇಕು. ಈ ಕೆಲಸ ನಡೆಯುವಾಗ ಕರೆಂಟ್ ಹೋದರೆ ಎಲ್ಲಾ ಹೋಯಿತು, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಮುಗಿದ ಮೇಲೆ ಎಕ್ಸ್‌ಪಿ ಶುರುವಾಗುವಾಗ ಚೆಕ್‌ಡಿಸ್ಕ್ ತಾನೇ ಓಡಿತು, ಅದನ್ನು ಮಧ್ಯೆ ನಿಲ್ಲಿಸಬಾರದು. ಆಮೇಲೆ ಅದೇ ಸಾಲಿನಲ್ಲಿ 10,48,576 ಅಂತ ಬಂತು. 4,096ರಿಂದ ಸರಿಯಾಗಿ ಭಾಗವಾಗುವ ಸಂಖ್ಯೆ. ನೋಡಿ ಮನಸ್ಸು ತಂಪಾಯಿತು.

ಉಳಿದ ಜಾಗದಲ್ಲಿ ಹೊಸ ಡಿ ಮಾಡಿದೆ. ಅದಕ್ಕೆ ಡಿ ಅಕ್ಷರವೇ ಸಿಗುವಂತೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿಕೊಂಡೆ. ಪೇಜ್‌ಮೇಕರ್ ಚಿತ್ರಗಳನ್ನು ದಾರಿಯ ಸಮೇತ ನೆನಪಿಟ್ಟುಕೊಂಡಿರುತ್ತದೆ. ಡಿ ಹೋಗಿ ಎಫ್ ಆದರೆ ಸಾವಿರಾರು ಫೈಲುಗಳಲ್ಲಿ ಗಣಪತಿಯಿಂದ ಹಿಡಿದು ಫೋಟೋವರೆಗೆ ಎಲ್ಲಿದೆ ಅಂತ ಒಂದೊಂದಕ್ಕೂ ಕೇಳುತ್ತದೆ.

240 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 223 ಜಿಬಿ ಅಂತ ಕಾಣುತ್ತದೆ, ಅದು ಲೆಕ್ಕದ ವ್ಯತ್ಯಾಸ, ಯಾರೂ ಕದ್ದಿಲ್ಲ. ಅದರಲ್ಲಿ ಸುಮಾರು 40 ಜಿಬಿಯನ್ನು ಯಾವ ಪಾರ್ಟಿಷನ್ನಿಗೂ ಸೇರಿಸದೆ ಬಿಟ್ಟಿದ್ದೇನೆ. ಫೈಲ್ ಅಳಿಸಿದಾಗ ಈ ಜಾಗ ಖಾಲಿ ಆಯಿತು ಅಂತ ಎಸ್‌ಎಸ್‌ಡಿಗೆ ತಿಳಿಸುವ ಸಂದೇಶಕ್ಕೆ ಟ್ರಿಮ್ ಅನ್ನುತ್ತಾರೆ. ವಿಂಡೋಸ್ 7ರಲ್ಲಿ ಅದು ಬಂತು, ಎಕ್ಸ್‌ಪಿಯಲ್ಲಿ ಇಲ್ಲ. ಅಳಿಸಿದ ಫೈಲೂ ಇದೆ ಅಂದುಕೊಂಡು ಡಿಸ್ಕ್ ಹೊತ್ತುಕೊಂಡೇ ಇರುತ್ತದೆ. ಒಂದೂ ಸಲ ಬರೆಯದ ಜಾಗ ಬಿಟ್ಟಿದ್ದರೆ ಡಿಸ್ಕಿಗೆ ಒಳಗೊಳಗೇ ಓಡಾಡಲು ಜಾಗ ಸಿಗುತ್ತದೆ. ಡಿಫ್ರಾಗ್ (ಚದುರಿದ ಫೈಲ್ ತುಂಡುಗಳನ್ನು ಒಂದೆಡೆ ಸೇರಿಸುವ ಕೆಲಸ) ಮಾತ್ರ ಓಡಿಸಲೇಬೇಡಿ, ಎಸ್‌ಎಸ್‌ಡಿಗೆ ಅದರಿಂದ ಲಾಭ ಇಲ್ಲ, ಸುಮ್ನೆ ಸವೆತ.

ಸವೆತದ ಭಯ ಜಾಸ್ತಿ ಬೇಡ. ಈ ಡಿಸ್ಕಿಗೆ ಕಂಪನಿ ಕೊಟ್ಟಿರುವ ಮಿತಿ 80 ಟಿಬಿ ಬರವಣಿಗೆ. ದಿನಕ್ಕೆ 10 ಜಿಬಿ ಬರೆದರೂ ಇಪ್ಪತ್ತು ವರ್ಷದ ಮೇಲಾಗುತ್ತದೆ. ಕಾರ್ಡು, ಕರಪತ್ರ ಮಾಡುವವರು ಅಷ್ಟು ಬರೆಯುವುದೇ ಇಲ್ಲ.

ಈಗ ಹೇಗಿದೆ ಅಂದರೆ, ಮೊದಲು ಬಟನ್ ಒತ್ತಿ ದೇವರಿಗೆ ದೀಪ ಹಚ್ಚಿ ಬಂದರೂ ಡೆಸ್ಕ್‌ಟಾಪ್ ಬಂದಿರುತ್ತಿರಲಿಲ್ಲ. ಈಗ ಅರ್ಧ ನಿಮಿಷದೊಳಗೆ ಸಿದ್ಧ. ಕೋರಲ್‌ಡ್ರಾದಲ್ಲಿ ಫಾಂಟ್ ಪಟ್ಟಿ ತೆರೆದರೆ ತಡವರಿಸುವುದಿಲ್ಲ. ಗಿರಾಕಿ ಎದುರು ಕೂತು ಹೋದ ವರ್ಷದ ಕಾರ್ಡ್ ತೋರಿಸಿ ಅಂದಾಗ ಅಲ್ಲೇ ತೋರಿಸುತ್ತೇನೆ. ಸೀಸನ್ನಿನಲ್ಲಿ ಬಾಗಿಲ ತನಕ ಜನ ನಿಂತಿರುವಾಗ ಇದರ ಬೆಲೆ ಗೊತ್ತಾಗುತ್ತದೆ. ಪ್ರಿಂಟ್ ವೇಗ ಮಾತ್ರ ಮೊದಲಿನಷ್ಟೇ, ಅದು ಪ್ರಿಂಟರಿನ ಕೈಯಲ್ಲಿದೆ.

ಪಕ್ಕದ ಪ್ರೆಸ್ಸಿನವರದ್ದು ಎಚ್61 ಬೋರ್ಡ್, ಅವರಿಗೂ ಇದೇ ಡಿಸ್ಕ್ ಹಾಕಿಕೊಟ್ಟೆ. ಅದರಲ್ಲಿ ಎಎಚ್‌ಸಿಐ ಇದೆ. ಹಾಗಾಗಿ ಮೊದಲು ಬಯೋಸ್‌ನಲ್ಲಿ ಸಾಟಾ ಮೋಡ್ ಐಡಿಇ ಇದೆಯಾ ನೋಡಿಕೊಂಡೆ. ಆ ಬೋರ್ಡಿನಲ್ಲಿ ಇನ್ನೊಂದು ಕಡೆ ಗಮನ ಇರಬೇಕು, ಅದು ಬಯೋಸ್‌ನ ಗುಂಡು ಬ್ಯಾಟರಿ, ಸಿಆರ್2032. ಅದು ಸತ್ತರೆ ಬಯೋಸ್ ಸೆಟ್ಟಿಂಗ್ ಅಳಿಸಿಹೋಗಿ ಮೋಡ್ ತಾನೇ ಎಎಚ್‌ಸಿಐಗೆ ಹೋಗಬಹುದು. ಮರುದಿನ ಬೆಳಗ್ಗೆ ನೀಲಿ ಪರದೆ, ಎಲ್ಲರೂ ಡಿಸ್ಕ್ ಕೆಟ್ಟಿತು ಅನ್ನುತ್ತಾರೆ. ಹೊಸ ಡಿಸ್ಕ್ ಹಾಕುವಾಗಲೇ ಬ್ಯಾಟರಿಯನ್ನೂ ಬದಲಿಸಿಬಿಡಿ, ಮೂರು ಕಾಸಿನ ಸಾಮಾನು.

ಎಲ್ಲರಿಗೂ ಇದು ಸರಿ ಅಂತ ನಾನು ಹೇಳುವುದಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಬೆಂಬಲ ನಿಲ್ಲಿಸಿತು. ಇಂಟರ್ನೆಟ್, ಬ್ಯಾಂಕ್ ಕೆಲಸ, ಜಿಎಸ್‌ಟಿ ರಿಟರ್ನ್ ಇದರಲ್ಲಿ ಮಾಡಲೇಬಾರದು. ನಮ್ಮದಕ್ಕೆ ನೆಟ್ ಕೇಬಲ್ಲೇ ಇಲ್ಲ. ಗಿರಾಕಿಗಳ ಫೋಟೋ, ಮ್ಯಾಟರ್ ಎಲ್ಲಾ ಹೊಸ ಕಂಪ್ಯೂಟರಿಗೆ ಬಂದು, ವೈರಸ್ ಪರೀಕ್ಷೆ ಆಗಿ, ಪೆನ್‌ಡ್ರೈವಿನಲ್ಲಿ ಈ ಕಡೆ ಬರುತ್ತದೆ. ದೊಡ್ಡ ಡಿಸ್ಕ್ ಬೇಕೆನ್ನುವವರೂ ಯೋಚಿಸಿ: ಒಳಗೆ ಹಾಕುವ ಡಿಸ್ಕ್ 2 ಟಿಬಿ ದಾಟಿದರೆ ಎಕ್ಸ್‌ಪಿಗೆ ಪೂರ್ತಿ ಸಿಗುವುದಿಲ್ಲ.

ಹುಬ್ಬಳ್ಳಿಗೆ ಹೋಗುವವರು ಬೋರ್ಡಿನ ಮೇಲಿನ ಹೆಸರಿನ ಫೋಟೋ ತೆಗೆದುಕೊಂಡು ಹೋಗಿ. ಹಳೇ ಡಿಸ್ಕಿನ ಕೇಬಲ್ ಚಪ್ಪಟೆ ಪಟ್ಟಿಯೋ, ಸಣ್ಣ ಸಾಟಾ ಕೇಬಲ್ಲೋ ಅದನ್ನೂ ನೋಡಿಕೊಳ್ಳಿ. ಪಟ್ಟಿಯಾದರೆ ಬೋರ್ಡಿನಲ್ಲಿ ಸಾಟಾ ಪೋರ್ಟ್ ಖಾಲಿ ಇದೆಯಾ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯಲ್ಲಿ ಸಾಟಾ ಪವರ್ ವಯರ್ ಇದೆಯಾ ಎಂದೂ ತಿಳಿದಿರಬೇಕು, ಇಲ್ಲದಿದ್ದರೆ ಕನ್ವರ್ಟರ್ ಬೇಕಾಗುತ್ತದೆ. ನಿಮ್ಮೂರಿನಲ್ಲೇ ಕೊಳ್ಳುವುದಾದರೂ, ಬೋರ್ಡ್ ಯಾವುದು ಅಂತ ಮೊದಲು ಕೇಳುವ ಅಂಗಡಿಯಲ್ಲಿ ಕೊಳ್ಳಿ.